ಗಾದಿಗೆ ಬಾಯಿ ಇರಬಾರದು

ಅವರ ಹುಬ್ಬುಗಳಲ್ಲಿ ಸದಾ ಅರಳೆಯ ಎಳೆಗಳು ಸಿಕ್ಕಿಕೊಂಡಿರುತ್ತಿದ್ದವು. ಅರಳೆ ಎಷ್ಟು, ನರೆತ ಕೂದಲು ಎಷ್ಟು ಎಂದು ಮೂಡಲಗಿಯಲ್ಲಿ ಯಾರಿಗೂ ಹೇಳಲು ಬರುತ್ತಿರಲಿಲ್ಲ. ಕಿವಿಯ ಮೇಲೂ ಅರಳೆ, ಚಹಾದ ಕಪ್ಪಿನಲ್ಲೂ ಅರಳೆ. ಜೋರಾಗಿ ನಕ್ಕರೆ ಒಂದೆರಡು ಎಳೆ ಹಾರಿ ಎದುರಿಗಿದ್ದವರ ಅಂಗಿಯ ಮೇಲೆ ಕೂರುತ್ತಿದ್ದವು. ಹಿಟ್ಟಿನ ಗಿರಣಿಯ ಬಾಜೂ ಅವರ ತಗಡಿನ ಅಂಗಡಿ. ಗಾದಿ ತುಂಬುವುದು, ತಲೆದಿಂಬು ಹೊಲಿಯುವುದು ಅವರ ಕಸುಬು. ಊರಿಗೆಲ್ಲ ಅವರು ಗಾದಿ ಕಾಕಾ. ನನಗಿಂತ ಆರೇಳು ವರ್ಷಕ್ಕೆ ಹಿರಿಯರು. ಆದರೂ ಅವರು ಬದುಕಿರುವವರೆಗೆ ನಾನು ‘ನೀ’ ಎಂದೇ ಮಾತಾಡಿಸಿದೆ. ಈಗ ‘ಅವರು’ ಎಂದು ಬರೆಯುತ್ತಿದ್ದೇನೆ. ಮಣ್ಣಿನೊಳಗೆ ಹೋದವರಿಗೆ ಈ ಮರ್ಯಾದೆಯಿಂದ ಏನು ಉಪಯೋಗವೋ ಗೊತ್ತಿಲ್ಲ.

ಕಾಕಾನ ಅಂಗಡಿಯಲ್ಲಿ ಒಂದು ಪದ್ಧತಿ ಇತ್ತು. ಮದುವೆಯ ಗಾದಿಗೆ ಯಾರೇ ಬಂದರೂ ಗಂಡು ಹೆಣ್ಣು ಇಬ್ಬರನ್ನೂ ಕರೆದುಕೊಂಡು ಬನ್ನಿ ಎನ್ನುತ್ತಿದ್ದರು. ಒಳಗೆ ಹಳೆಯ ಸೀರೆಯ ಪರದೆ, ಅದರ ಹಿಂದೆ ನಾಲ್ಕು ನಮೂನೆಯ ಗಾದಿ. ಮೊದಲು ಹುಡುಗಿಯನ್ನು ಕೂರಿಸಿ ಕೇಳುತ್ತಿದ್ದರು, ಆಮೇಲೆ ಹುಡುಗನನ್ನು. “ಇಬ್ಬರ ಗಾದಿ ಒಬ್ಬರ್ನ ಕೇಳಿ ತುಂಬಬಾರದು” ಎಂಬುದು ಅವರ ಮಾತು. ಕೆಲವರು ನಗುತ್ತಿದ್ದರು, ಕೆಲವರು ಬೈಯುತ್ತಿದ್ದರು. ಅವರು ಎರಡನ್ನೂ ಅರಳೆಯ ಹಾಗೆ ಝಾಡಿಸಿಬಿಡುತ್ತಿದ್ದರು.

ಮೆತ್ತನೆಯ ಗಾದಿಯೆಂದರೆ ಅವರಿಗೆ ಸಿಟ್ಟು. ಒಮ್ಮೆ ನನ್ನೆದುರಿಗೇ ಒಬ್ಬನಿಗೆ ಹೇಳಿದ್ದರು: “ಒಬ್ಬ ಮಲಗಾಕ ಮೆತ್ತಂದು ಛಲೋ. ಇಬ್ಬರಿಗೆ ಬ್ಯಾಡ ತಮ್ಮಾ. ವಜನ ಇದ್ದವರ ಕಡೆ ತಗ್ಗಾಗಿ ಕುಣಿ ಬೀಳ್ತೈತಿ, ಹಗರ ಇದ್ದವರು ಅದರಾಗ ಉರಳ್ತಾರ. ಉರಳಿ ಬರೂದು ಬ್ಯಾರೆ, ತಾವಾಗಿ ಬರೂದು ಬ್ಯಾರೆ.” ಅದಕ್ಕೇ ಗಂಡಹೆಂಡತಿಯ ಗಾದಿಗೆ ನಡುವೆ ಒಂದು ಹಿಡಿ ಅರಳೆ ಹೆಚ್ಚು ಹಾಕಿ, ದಬ್ಬಣದಿಂದ ಬಿಗಿಯಾಗಿ ಹೊಲಿಗೆ ಹಾಕುತ್ತಿದ್ದರು. ಹೊಲಿದಾದ ಮೇಲೆ ಅದರ ಮೇಲೆ ಮಲಗಿ ಎಡಕ್ಕೆ ಬಲಕ್ಕೆ ಹೊರಳಿ, ಕಣ್ಣು ಮುಚ್ಚಿ ಕೇಳಿಸಿಕೊಳ್ಳುತ್ತಿದ್ದರು. ಏನೂ ಸಪ್ಪಳವಿಲ್ಲದಿದ್ದರೆ ಎದ್ದು ಕೂತು ಹೇಳುತ್ತಿದ್ದರು: “ಗಾದಿಗೆ ಬಾಯಿ ಇರಬಾರದು.”

ನಾನು ಪಕ್ಕದ ಮಸಗುಪ್ಪಿಯವನು. ಹತ್ತನೆಯ ಇಯತ್ತೆ ಪಾಸಾದವನು ಎಂಬ ಸೊಕ್ಕು, ಹೊಲವಿತ್ತು ಎಂಬ ಸೊಕ್ಕು, ಪಂಚರಲ್ಲಿ ಒಬ್ಬ ಎಂಬ ಸೊಕ್ಕು. ಮಗನಿಗೆ ಘೋಡಗೇರಿಯ ಹುಡುಗಿಯನ್ನು ಗೊತ್ತುಮಾಡಿದೆವು. ನಮ್ಮ ಕಡೆ ಕಪಾಟು, ಪಾತ್ರೆಗಳ ಜೊತೆ ಗಾದಿಯೂ ಹೆಣ್ಣಿನ ಮನೆಯಿಂದಲೇ ಬರಬೇಕು. ಬೀಗರು ಮಗಳನ್ನು ಕರೆದುಕೊಂಡು ಕಾಕಾನ ಅಂಗಡಿಗೆ ಹೊರಟರು. ನಾನೂ ಮಗನನ್ನು ಕರೆದುಕೊಂಡು ಜೊತೆಗೆ ಹೋದೆ.

ಕಾಕಾ ಆ ಹುಡುಗಿಯನ್ನು ಪರದೆಯ ಹಿಂದೆ ಕೂರಿಸಿ, ಕುಡಿಯಲು ನೀರು ಕೊಟ್ಟು ಕೇಳಿದರು: “ಯವ್ವಾ, ಗಟ್ಟಿ ಬೇಕೋ, ಸ್ವಲ್ಪ ಮೆತ್ತಗ ಬೇಕೋ? ಬೆನ್ನು ನೋಯ್ತೈತೇನು? ನೀವು ಮಲಗೂ ಖೋಲಿ ಗ್ವಾಡಿ ಆಚಿ ಯಾರ ಮಲಗ್ತಾರ?”

ಹುಡುಗಿ ಬಾಯಿ ತೆರೆಯುವಷ್ಟರಲ್ಲಿ ನಾನು ಪರದೆಯನ್ನು ಕಿತ್ತೆಸೆದೆ.

“ಏ ಮುದುಕಾ, ನಾಚಿಕಿ ಮಾರ್ಕೊಂಡು ತಿಂದಿಯೇನು? ಮತ್ತೊಬ್ಬರ ಮನಿ ಹೆಣ್ಮಗಳಿಗೆ ಕೇಳೂ ಮಾತೇನ ಇದು?”

“ಗೌಡ್ರ, ಅಕಿ ಮಲಗೂ ಗಾದಿ ಅಕಿನ್ನ ಕೇಳಬಾರದನ್ರಿ?”

ಎದುರುತ್ತರ ಕೊಟ್ಟನಲ್ಲ ಎಂದು ನನ್ನ ತಲೆ ಇನ್ನಷ್ಟು ಕೆಟ್ಟಿತು. ನಮೂನೆಯ ಗಾದಿಯೊಂದನ್ನು ಎಳೆದು ಪ್ಯಾಟಿಯ ಧೂಳಿಗೆ ಎಸೆದೆ. ಗಿರಣಿಯ ಮುಂದೆ ಹಿಟ್ಟಿನ ಡಬ್ಬಿ ಹಿಡಿದು ನಿಂತವರೆಲ್ಲ ತಿರುಗಿದರು. “ನಿಮ್ಮ ಸೊಸ್ತ್ಯಾರನ್ನ ಈ ಹೊಲಸು ಬಾಯಿಯವನ ಅಂಗಡಿಗೆ ಕಳಸಬ್ಯಾಡ್ರಿ” ಎಂದು ಕೂಗಿದೆ. ಕಾಕಾ ಹೊರಗೆ ಬಂದು ಗಾದಿಯ ಧೂಳು ಕೊಡವಿದರು. ನನ್ನನ್ನು ನೋಡಲಿಲ್ಲ.

ನನ್ನ ಮಾತು ನಡೆಯಿತು. ಊರಿನ ಪಂಚ ಹೇಳಿದ ಮೇಲೆ ಕೇಳಬೇಕೆ? ಸುತ್ತಲಿನ ಮದುವೆಯ ಗಾದಿಗಳೆಲ್ಲ ಗೋಕಾಕಿನಿಂದ ಬರತೊಡಗಿದವು. ಕಾಕಾನಿಗೆ ಉಳಿದದ್ದು ಹಳೆಯ ತಲೆದಿಂಬು ಬಿಚ್ಚಿ ತುಂಬುವ ಕೆಲಸ. ಕಿತ್ತ ಪರದೆಯನ್ನು ಅವರು ಮತ್ತೆ ಕಟ್ಟಲೇ ಇಲ್ಲ.

ನಮ್ಮ ಮನೆಗೂ ಗೋಕಾಕಿನ ದೊಡ್ಡ ಅಂಗಡಿಯಿಂದ ಸ್ಪ್ರಿಂಗ್ ಗಾದಿ ಬಂತು. ಗೇಣು ದಪ್ಪ, ಮೇಲೆ ಹೂವಿನ ಚಿತ್ರ, ಅದರ ಮೇಲೆ ಫಳಫಳ ಹೊಳೆಯುವ ಪ್ಲಾಸ್ಟಿಕ್. ಮದುವೆಯ ಹಂದರದಲ್ಲಿ ಎಲ್ಲರೂ ಬೆರಳಿನಿಂದ ಒತ್ತಿ ನೋಡಿದರು. ಆ ಪ್ಲಾಸ್ಟಿಕ್ ತೆಗೆಯಬಾರದು ಎಂದು ನಾನೇ ಹುಕುಂ ಮಾಡಿದೆ. ತೆಗೆದರೆ ಹೊಸದು ಎಂದು ಯಾರಿಗೆ ಗೊತ್ತಾಗಬೇಕು? ನಮ್ಮ ಕಡೆ ಎಷ್ಟು ಮನೆಗಳಲ್ಲಿ ಇವತ್ತಿಗೂ ಹೀಗೆ ಪ್ಲಾಸ್ಟಿಕ್ ಹೊದ್ದ ಗಾದಿಯ ಮೇಲೆ ಮಕ್ಕಳು ಸಂಸಾರ ಮಾಡುತ್ತಿದ್ದಾರೋ! ಬಂದವರು ನೋಡಲಿ ಎಂದು ಗಾದಿ, ಮಲಗುವವರಿಗಾಗಿ ಅಲ್ಲ.

ಇನ್ನು ಬರೆಯುವುದಕ್ಕೆ ಕೈ ಹಿಂದೆ ಸರಿಯುತ್ತದೆ. ಬರೆಯದಿದ್ದರೆ ಈ ಬರಹಕ್ಕೆ ಅರ್ಥವಿಲ್ಲ.

ಮಗನ ಖೋಲಿಗೂ ಪಡಸಾಲೆಗೂ ನಡುವೆ ಒಂದೇ ಗೋಡೆ. ಮಗನ ಮದುವೆಯಾದ ಮೇಲೆ ನಮ್ಮ ಗಾದಿಯನ್ನು ಹೆಂಡತಿಗೆ ಬಿಟ್ಟು, ಆ ಗೋಡೆಗೆ ತಾಗಿಸಿ ನಾನು ಹೊರಸು ಹಾಕಿಕೊಂಡಿದ್ದೆ. ಒಳಗೆ ಯಾರು ಹೊರಳಿದರೂ ಪ್ಲಾಸ್ಟಿಕ್ ಚರಚರ ಎನ್ನುತ್ತಿತ್ತು, ಸ್ಪ್ರಿಂಗ್ ಕಿರ್ ಎನ್ನುತ್ತಿತ್ತು. ಪ್ರತಿ ಸಲ ನಾನು ಕೆಮ್ಮುತ್ತಿದ್ದೆ. ನನಗೆ ಕೆಮ್ಮು ಇರಲಿಲ್ಲ. ಯಾಕೆ ಕೆಮ್ಮಿದೆ? ಮನೆಯ ಯಜಮಾನ ಎಚ್ಚರವಾಗಿದ್ದಾನೆ ಎಂದು ತಿಳಿಸಲೆ? ಮರ್ಯಾದೆ ಕಾಯುತ್ತಿದ್ದೇನೆ ಎಂದುಕೊಂಡೆನೆ? ಇವತ್ತು ಆ ಕೆಮ್ಮಿನ ನೆನಪಾದರೆ ನನ್ನ ಗಂಟಲನ್ನು ನಾನೇ ಹಿಚುಕಿಕೊಳ್ಳಬೇಕು ಅನ್ನಿಸುತ್ತದೆ.

ಸೊಸೆ ಮೊದಲು ಗಾದಿ ಬಿಟ್ಟು ನೆಲದ ಮೇಲೆ ಕೌದಿ ಹಾಸಿಕೊಂಡಳು. ಆಮೇಲೆ ಕೌದಿ ಎತ್ತಿಕೊಂಡು ಅತ್ತೆಯ ಬಳಿ ಬಂದು ಮಲಗತೊಡಗಿದಳು. ಮಗ ಸಂಕೇಶ್ವರದ ಸಕ್ಕರೆ ಕಾರ್ಖಾನೆಯಲ್ಲಿ ಪಾಳಿಯ ಮೇಲೆ ದುಡಿಯುತ್ತಿದ್ದ. ಬೇಕೆಂದೇ ಹೆಚ್ಚಿನ ಪಾಳಿ ಕೇಳಿ ಹಾಕಿಸಿಕೊಂಡ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುವುದು ಕಡಿಮೆಯಾಯಿತು. ಎರಡು ವರ್ಷವಾಯಿತು. “ಇನ್ನೂ ಏನೂ ಇಲ್ಲೇನ್ರಿ?” ಎಂದು ಬಂದವರು ಹೋದವರು ಕೇಳತೊಡಗಿದರು. ಅದನ್ನು ಕೇಳುವುದಕ್ಕೆ ಈ ಊರಿನಲ್ಲಿ ಯಾರಿಗೂ ನಾಚಿಕೆಯಿಲ್ಲ! ಹಾಸಿಗೆ ಹೇಗಿದೆ ಎಂದು ಕೇಳಿದವನು ಹೊಲಸು ಬಾಯಿಯವನು, ಹೊಟ್ಟೆ ಯಾಕೆ ಬಂದಿಲ್ಲ ಎಂದು ಕೇಳಿದವರು ಹಿತೈಷಿಗಳು. ಹುಡುಗಿಯಲ್ಲೇ ದೋಷ ಎಂದು ನಾವೇ ತೀರ್ಮಾನಿಸಿದೆವು. ಅವಳನ್ನು ತವರಿಗೆ ಬಿಟ್ಟುಕೊಡುವ ಮಾತಾಡಲು ನಮ್ಮ ಅಂಗಳದಲ್ಲಿ ಹಿರಿಯರನ್ನು ಕೂಡಿಸಿದೆ.

ಘೋಡಗೇರಿಯಿಂದ ಬೀಗರು ಬಂದಿದ್ದರು. ಸಂಕೇಶ್ವರದಿಂದ ನಮ್ಮ ಭಾವ, ಅಂದರೆ ಅಕ್ಕನ ಗಂಡ, ಬಂದಿದ್ದ. ಭಾರೀ ಮೈಯವನು, ಭಾರೀ ಬಾಯಿಯವನು. ಸೊಸೆ ಬಾಗಿಲ ಹಿಂದೆ. ಮಗ ಕಂಬಕ್ಕೆ ಒರಗಿ ನೆಲ ನೋಡುತ್ತಿದ್ದ. ಚಹಾ ಮುಗಿದು ಮಾತು ಶುರುವಾಗಬೇಕು, ಅಷ್ಟರಲ್ಲಿ ಸೈಕಲ್ ತಳ್ಳಿಕೊಂಡು ಗಾದಿ ಕಾಕಾ ಬಂದರು. ಹುಬ್ಬಿನಲ್ಲಿ ಅದೇ ಅರಳೆ.

“ನಿನ್ನ ಯಾರ ಕರದಾರ?” ಎಂದೆ.

“ಯಾರೂ ಕರದಿಲ್ರಿ. ಆ ಮಗಳು ಹೋದ ಹಬ್ಬಕ್ಕ ತವರಿಗೆ ಹೋಗೂವಾಗ ನನ್ನ ಅಂಗಡಿ ಮುಂದ ನಿಂತಿದ್ಲು. ಅವತ್ತ ಅರ್ಧ ಆಗಿದ್ದ ಮಾತು ಮತ್ತ ಕೇಳಿದೆ. ಅಳಕೋಂತ ಹೇಳಿದ್ಲು.”

ಎಲ್ಲವನ್ನೂ, ನನ್ನ ಕೆಮ್ಮನ್ನೂ ಹೇಳಿದ್ದಾಳೆ ಎಂದು ಗೊತ್ತಾಯಿತು.

ಕಾಕಾ ನನ್ನ ಮಗನ ಕಡೆ ತಿರುಗಿ, “ತಮ್ಮಾ, ಆ ಗಾದಿ ಹೊರಗ ತಾ” ಎಂದರು. ಮಗ ನನ್ನ ಅಪ್ಪಣೆ ಕೇಳಲಿಲ್ಲ. ಹುಟ್ಟಿದಾಗಿನಿಂದ ಅದೇ ಮೊದಲು. ಗಾದಿಯನ್ನು ಎಳೆದು ತಂದು ಅಂಗಳದಲ್ಲಿ ಹಾಕಿದ. ಬಿಸಿಲಿಗೆ ಪ್ಲಾಸ್ಟಿಕ್ ಮಿಂಚಿತು.

“ಕುಂಡ್ರಿ ಯಜಮಾನ್ರ” ಎಂದು ಕಾಕಾ ನಮ್ಮ ಭಾವನಿಗೆ ಹೇಳಿದರು.

ಭಾವ ಕೂತ. ಚರ್ ಎಂದಿತು. ಮಗ್ಗುಲು ಬದಲಿಸಿದ. ಕಿರ್ ಕಿರ್ ಎಂದಿತು. “ಎಲಾ ಇವನ, ಇದು ಗಾದಿ ಐತೋ, ಹಪ್ಪಳದ ಡಬ್ಬಿ ಐತೋ!” ಎಂದ. ಎಲ್ಲರೂ ನಕ್ಕರು. ನಗುತ್ತಾ ಇನ್ನೊಬ್ಬ ಹಿರಿಯನೂ ಪಕ್ಕಕ್ಕೆ ಕೂತ. ಭಾವನ ಭಾರಕ್ಕೆ ಗಾದಿ ಕುಸಿದು ಆತ ಭಾವನ ತೊಡೆಯ ಮೇಲೆ ಉರುಳಿದ. ಮತ್ತಷ್ಟು ನಗು.

ನಗು ನಿಲ್ಲುವವರೆಗೆ ಕಾಕಾ ಕಾದರು. ಆಮೇಲೆ ಮೆಲ್ಲಗೆ ಹೇಳಿದರು: “ಹಗಲ ಹೊತ್ತಿನ್ಯಾಗ, ಧೋತರ ಉಟ್ಟ ಇಬ್ಬರು ಹಿರ್ಯಾರಿಗೆ ಇದರ ಮ್ಯಾಲ ಸುಮ್ನ ಕುಂಡ್ರಾಕ ಆಗವಲ್ದು. ಆ ಮಕ್ಕಳು ಎರಡು ವರ್ಷ ಇದರ ಮ್ಯಾಲ ಉಸಿರು ಹಿಡ್ಕೊಂಡು ಮಲಗ್ಯಾರ. ಗ್ವಾಡಿ ಆಚಿ...”

ಅಲ್ಲಿಗೆ ನಿಲ್ಲಿಸಿ ನನ್ನನ್ನು ನೋಡಿದರು. ನಾನು ಅವರ ಬಾಯಿಯನ್ನೇ ನೋಡುತ್ತಿದ್ದೆ. ಒಂದೇ ಒಂದು ಶಬ್ದ ಹೇಳಿದ್ದರೆ ನಾನು ಅವತ್ತೇ ಊರು ಬಿಡಬೇಕಾಗಿತ್ತು. ಪ್ಯಾಟಿಯಲ್ಲಿ ಅವರ ಮಾನ ತೆಗೆದವನು ನಾನು. ನನ್ನ ಮಾನ ಈಗ ಅವರ ನಾಲಿಗೆಯ ತುದಿಯಲ್ಲಿತ್ತು.

“ಗ್ವಾಡಿ ತೆಳ್ಳಗೈತ್ರಿ” ಎಂದರು ಕಾಕಾ. “ದೋಷ ಹುಡುಗ್ಯಾಗ ಇಲ್ಲ, ಗಾದ್ಯಾಗ ಐತಿ. ಒಂದು ಆರು ತಿಂಗಳು ಬಿಟ್ಟು ನೋಡ್ರಿ.” ಅಷ್ಟೇ. ಸೈಕಲ್ ಹತ್ತಿ ಹೋದರು.

ಹಿರಿಯರು ಎದ್ದರು. ಮಗ ಅವತ್ತೇ ಹೆಂಡತಿಯನ್ನು ಕರೆದುಕೊಂಡು ಕಾಕಾನ ಅಂಗಡಿಗೆ ಹೋದ. ಅವಳನ್ನು ಮೊದಲು ಕೇಳಿ, ಅವನನ್ನು ಆಮೇಲೆ ಕೇಳಿ, ನಡುವೆ ಒಂದು ಹಿಡಿ ಹೆಚ್ಚು ಹಾಕಿ ತುಂಬಿದ ಅರಳೆಯ ಗಾದಿ ಬಂತು. ನಾನು ಹೊರಸನ್ನು ಹೊರಗಿನ ಕಟ್ಟೆಗೆ ಒಯ್ದೆ. ಆಮೇಲೆ ಅವರಿಗೆ ಮಕ್ಕಳಾದವೋ ಇಲ್ಲವೋ ಎಂದು ನಾನು ಬರೆಯುವುದಿಲ್ಲ. ಆ ಪ್ರಶ್ನೆ ಕೇಳುವವರಿಗೆ ನನ್ನಿಂದ ಉತ್ತರ ಸಿಗದು. ಮುಂಜಾನೆ ಒಲೆಯ ಮುಂದೆ ಅವಳು ಅವನನ್ನು ಛೇಡಿಸಿ ನಗುವುದು ಕಟ್ಟೆಯವರೆಗೆ ಕೇಳುತ್ತದೆ. ಅದು ಸಾಕು.

ವಾರ ಬಿಟ್ಟು ಅಂಗಡಿಗೆ ಹೋದೆ. ಯಾರೂ ಇಲ್ಲದ ಹೊತ್ತು ನೋಡಿ ಒಳಗೆ ಹೊಕ್ಕು, “ತಪ್ಪಾತು ಕಾಕಾ” ಎಂದೆ. ಅವರು ದಬ್ಬಣಕ್ಕೆ ದಾರ ಪೋಣಿಸುತ್ತಾ, “ಕೆಮ್ಮಿಗೆ ಔಷಧಾ ತಗೊಂಡ್ರ್ಯಾ ಗೌಡ್ರ?” ಎಂದರು. ಹುಬ್ಬಿನಿಂದ ಅರಳೆ ಹಾರುವಷ್ಟು ನಕ್ಕರು. ಹೊರಡುವಾಗ, “ಒಮ್ಮೆ ಮನ್ಯಾಗಿನ ವೈನಿಯಾರನ್ನ ಕರ್ಕೊಂಡು ಬರ್ರಿ. ನಿಮ್ಮ ಗಾದಿ ನಾನ ತುಂಬಿದ್ದು. ಇಬ್ಬರ್ನೂ ಕೇಳಬೇಕಂತ ಆಗಿನ್ನೂ ನನಗ ಗೊತ್ತಿರಲಿಲ್ಲ, ನೀವೊಬ್ಬರ ಬಂದಿದ್ರಿ. ಅವರ್ನ ಕೇಳೂದು ಉಳದೈತಿ” ಎಂದರು. ಈ ವಯಸ್ಸಿನಲ್ಲಿ ಅದೇನು ಎಂದು ನಾನು ಹೋಗಲಿಲ್ಲ.

ಬೈದದ್ದು ತುಂಬಿದ ಪ್ಯಾಟಿಯಲ್ಲಿ, ತಪ್ಪು ಒಪ್ಪಿದ್ದು ಗೋಡೆಯ ಮರೆಯಲ್ಲಿ. ಪ್ಯಾಟಿಯಲ್ಲಿ ನಿಂತು ನಾಲ್ಕು ಜನರೆದುರು ಹೇಳಬೇಕಾಗಿತ್ತು. ನಾಳೆ, ನಾಡಿದ್ದು ಎಂದು ದೂಡಿದೆ. ಹೋದ ಬೇಸಿಗೆಯಲ್ಲಿ ಕಾಕಾ ತೀರಿಕೊಂಡರು. ಮಣ್ಣಿಗೆ ಹೋಗಿ ನಾನೂ ಒಂದು ಹಿಡಿ ಹಾಕಿ ಬಂದೆ.

ಮನೆಗೆ ಬಂದು ಸ್ನಾನ ಮಾಡಿದವನೇ ಹೆಂಡತಿಯನ್ನು ಕೇಳಿದೆ: “ನಮ್ಮ ಗಾದಿ ನಿನಗ ಹೆಂಗ ಐತಿ?”

ಅವಳು ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತಲಿಲ್ಲ. “ನಿಮ್ಮ ಕಡೆ ಕುಣಿ ಬಿದ್ದೈತಿ. ನೀವು ಹೊರಸಿಗೆ ಹೋದ ಮ್ಯಾಲೂ ಉರಳಬಾರ್ದಂತ ನಾ ಅಂಚು ಹಿಡ್ಕೊಂಡ ಮಲಗ್ತೀನಿ.”

“ಎಷ್ಟು ವರ್ಷಾತು?”

“ಮದ್ವಿ ಆಗಿ ಎಷ್ಟಾತೋ ಅಷ್ಟು.”

“ಹೇಳಬಾರದಾಗಿತ್ತೇನು?”

“ಕೇಳಿದ್ರ್ಯಾ?”

ಕಾಕಾನ ಅಂಗಡಿಗೆ ಕೀಲಿ ಬಿದ್ದಿದೆ. ಮರುದಿನ ಗಾದಿಯನ್ನು ಅಂಗಳಕ್ಕೆ ಎಳೆದು ನಾನೇ ಹೊಲಿಗೆ ಬಿಚ್ಚಿದೆ. ಗಂಟುಗಟ್ಟಿದ ಅರಳೆಯನ್ನು ಎರಡು ದಿನ ಕೈಯಿಂದಲೇ ಬಿಡಿಸಿದೆ. ದಬ್ಬಣ ಎರಡು ಸಲ ಬೆರಳಿಗೆ ಚುಚ್ಚಿತು. ಸೊಟ್ಟಪಟ್ಟ ತುಂಬಿ, ಬಾಯಿ ಹೊಲಿಯುವ ಮೊದಲು ಅವಳನ್ನು ಕರೆದು ಕೂರಿಸಿದೆ. ಅಂಗೈಯಿಂದ ಅಲ್ಲಲ್ಲಿ ಒತ್ತಿ ನೋಡಿದಳು.

“ನಡುವ ಇನ್ನೊಂದು ಹಿಡಿ ಹಾಕ್ರಿ” ಎಂದಳು.

ಹಾಕಿದೆ.