ನನ್ನನ್ನು ಬಿಟ್ಟುಕೊಡದ ಹೆಡ್‌ಮಾಸ್ತರು

ಕಾಲುವೆಗೆ ನೀರು ಬಿಟ್ಟ ಮೊದಲ ದಿನ ನಮ್ಮ ಶಾಲೆಯ ಆಫೀಸು ಕೋಣೆಗೆ ಒಂದು ವಾಸನೆ ಬರುತ್ತದೆ. ಬಿರುಕು ಬಿಟ್ಟ ಹೂಳಿನ ಮೇಲೆ ನೀರು ಹರಿದಾಗ ಏಳುವ ವಾಸನೆ. ಊರಿನವರಿಗೆ ಅದು ಅತ್ತರು. ನನಗೆ ಮಾತ್ರ ಸಿಟ್ಟು ಬರುತ್ತದೆ. ನಿನ್ನೆ ಆ ವಾಸನೆಯ ಹಿಂದೆಯೇ ನಮ್ಮ ಸುಜಾತಾ ಟೀಚರ್ ಒಳಗೆ ಬಂದಳು. ಸೈದಾಪುರದ ಹುಡುಗಿ. ಶೈಕ್ಷಣಿಕ ನಾಯಕತ್ವದ ಎಂ.ಎ.ಗೆ ಅರ್ಜಿ ಹಾಕಿದ್ದಳು, ಸೀಟು ಸಿಕ್ಕಿದೆ. ಎರಡು ವರ್ಷ ಹೊರಗಿದ್ದು ಓದಬೇಕು. ಮುಖ್ಯೋಪಾಧ್ಯಾಯಿನಿಯಾದ ನಾನು ಅಭ್ಯಂತರವಿಲ್ಲವೆಂದು ಸಹಿ ಹಾಕಿದರೆ ಮಾತ್ರ ಹೋಗಬಹುದು. ನಾಳೆ ನೋಡೋಣ ಎಂದು ಕಳಿಸಿಬಿಟ್ಟೆ. ಅವಳು ಹೋದ ಮೇಲೆ, ಈ 'ನಾಳೆ ನೋಡೋಣ' ಯಾರ ಮಾತು ಎಂದು ನೆನಪಾಗಿ ಮೈಯೆಲ್ಲ ಉರಿಯಿತು.

ಅದು ಶರಣಪ್ಪ ಸರ್ ಮಾತು. ದೇವಾಪುರದ ಹತ್ತಿರದ ಒಂದು ಹಳ್ಳಿಯಲ್ಲಿ ಅವರು ಹೆಡ್‌ಮಾಸ್ತರು, ನಾನು ಸಹಶಿಕ್ಷಕಿ. ಕಾಲುವೆ ಬಂದು ಊರೆಲ್ಲ ಭತ್ತಕ್ಕೆ ಬಿದ್ದಿದ್ದ ಕಾಲ. ನೀರಿನದು ಚಾಲೂ-ಬಂದ್ ಪದ್ಧತಿ: ಕೆಲವು ದಿನ ಬಿಡುತ್ತಾರೆ, ಕೆಲವು ದಿನ ನಿಲ್ಲಿಸುತ್ತಾರೆ. ಚಾಲೂ ಆದ ದಿನ ತಾಯಂದಿರೆಲ್ಲ ನಾಟಿಗೆ, ದೊಡ್ಡ ಹುಡುಗಿಯರು ಕೂಸು ಹೊತ್ತು ಮನೆಯಲ್ಲಿ. ಶಾಲೆಯಲ್ಲಿ ನಾವು ಮಾಸ್ತರರು ಮುಖ ಮುಖ ನೋಡಿಕೊಂಡು ಕೂರುವುದು. ನಾನು ಜಗಳ ತೆಗೆದೆ. ನೀರು ಬಿಟ್ಟ ದಿನ ನಸುಕಿನಲ್ಲೇ ಶಾಲೆ ತೆರೆಯೋಣ, ತಾಯಂದಿರು ಹೊಲಕ್ಕೆ ಹೋಗುವ ಹೊತ್ತಿಗೆ ಪಾಠ ಮುಗಿಸೋಣ, ಕೂಸುಗಳನ್ನು ತಂದರೂ ತರಲಿ ಎಂದೆ. ಸರ್ ಒಪ್ಪಲಿಲ್ಲ. ಸರ್ಕಾರದ ವೇಳೆ ಸರ್ಕಾರದ್ದು ಎಂದರು. ನಾನು ಕಾಲುವೆ ಏರಿಯ ಮೇಲೆ ನಿಂತು ನಾಟಿಗೆ ಹೋಗುವ ಹೆಂಗಸರ ಜೊತೆ ಮಾತಾಡಿ, ಅವರನ್ನೆಲ್ಲ ಶಾಲೆಗೇ ಕರೆತಂದು ಸರ್ ಮುಂದೆ ನಿಲ್ಲಿಸಿದೆ. ಮೂಗು ಮುರಿಯುತ್ತಲೇ ಒಪ್ಪಿದರು. ಶಾಲೆ ತುಂಬಿತು. ನಾನು ಪಾಠ ಹೇಳುವಾಗ ಕೂಸುಗಳೂ ರಾಗ ತೆಗೆಯುತ್ತಿದ್ದವು, ಆ ಮಾತು ಬೇರೆ.

ಆಗಲೇ ನನಗೆ ಈ ಎಂ.ಎ. ಓದಿನ ಹುಚ್ಚು ಹಿಡಿದದ್ದು. ಒಂದು ಶಾಲೆಯನ್ನು ಹೀಗೆ ತಿರುಗಿಸಬಹುದಾದರೆ, ಅದನ್ನು ಸರಿಯಾಗಿ ಕಲಿತು ಬಂದರೆ ಇಡೀ ತಾಲೂಕನ್ನೇ ತಿರುಗಿಸಬಹುದಲ್ಲ! ವಯಸ್ಸು ಅಂಥದು. ಸೇವೆಯಲ್ಲಿದ್ದವರಿಗೆ ವಯಸ್ಸಿನ ಮಿತಿ ಇತ್ತು, ನನಗೆ ಅದೇ ಕೊನೆಯ ವರ್ಷ. ಅರ್ಜಿ ತುಂಬಲು ಕೂತೆ ನೋಡಿ, ಅಲ್ಲಿಂದ ಶುರುವಾಯಿತು ನನ್ನ ಗ್ರಹಚಾರ. ನಿಮ್ಮ ನಾಯಕತ್ವದ ಬಗ್ಗೆ ಪ್ರಬಂಧ ಬರೆಯಿರಿ ಎಂದಿದ್ದರು. 'ನಾನು ಮಾಡಿದೆ' ಎಂದು ಬರೆಯಲು ಕೈಯೇ ಓಡದು. ನಮ್ಮ ಕಡೆ ಹಾಗೆ ಹೇಳಿಕೊಳ್ಳುವವರನ್ನು ಕಟ್ಟೆಯ ಮೇಲೆ ಕೂತವರು ಆಡಿಕೊಳ್ಳುತ್ತಾರೆ. ಎಲ್ಲ ಸಾಲಿನಲ್ಲೂ 'ನಾವು' ಬಂತು. ಓದಿ ನೋಡಿದರೆ ಯಾವುದೋ ಸಂಘದ ವಾರ್ಷಿಕ ವರದಿಯಂತಿತ್ತು. ಹರಿದೆ, ಮತ್ತೆ ಬರೆದೆ. ದೃಢೀಕರಣದ ಸಹಿಗೆಂದು ಸುರಪುರದ ಶಿಕ್ಷಣಾಧಿಕಾರಿ ಕಚೇರಿಗೆ ಹೋದರೆ ಸಾಹೇಬರು ಶಹಾಪುರಕ್ಕೆ ಹೋಗ್ಯಾರ ಎಂದರು. ಶಹಾಪುರಕ್ಕೆ ಹೋದರೆ ಈಗಷ್ಟೇ ಯಾದಗಿರಿಗೆ ಹೊರಟರು ಎಂದರು. ಸಾಹೇಬರಿಗಿಂತ ಹೆಚ್ಚು ಸಂಚಾರ ನನ್ನದೇ ಆಯಿತು.

ಇನ್ನು ಹೆಡ್‌ಮಾಸ್ತರ ಶಿಫಾರಸು ಪತ್ರ. ಶರಣಪ್ಪ ಸರ್ ಬಲು ಪ್ರೀತಿಯಿಂದ ಬರೆದರು, ಗಂಟಲು ಸರಿಮಾಡಿಕೊಂಡು ನನಗೇ ಓದಿ ಹೇಳಿದರು. ಇವರು ಅತ್ಯಂತ ಸೌಮ್ಯ ಸ್ವಭಾವದವರು, ಹಿರಿಯರ ಮಾತು ಮೀರಿದವರಲ್ಲ, ಒಮ್ಮೆಯೂ ಎದುರು ಮಾತಾಡಿಲ್ಲ. ಹೆಣ್ಣು ನೋಡಲು ಬಂದವರಿಗೆ ಹೇಳುವ ಮಾತು! ವಾರಕ್ಕೊಮ್ಮೆ ಅವರ ಜೊತೆ ಜಗಳವಾಡಿದವಳು ನಾನು. ಆ ನಸುಕಿನ ಶಾಲೆಯ ಜಗಳವನ್ನೇ ಬರೆಯಿರಿ ಎಂದು ಗೋಗರೆದೆ.

"ಅದನ್ನ ಬರೀಬಾರದು ತಂಗಿ," ಎಂದರು ದನಿ ತಗ್ಗಿಸಿ. "ಅದು ನಿನ್ನ ಮ್ಯಾಲಿನ ತಕರಾರು ಆಗತದ. ನಾ ಮುಚ್ಚಿಟ್ಟೀನಿ."

ನನಗಿದ್ದ ಒಂದೇ ಯೋಗ್ಯತೆಯನ್ನು ಪಾಪ, ನನ್ನ ಒಳ್ಳೆಯದಕ್ಕೇ ಮುಚ್ಚಿಟ್ಟಿದ್ದರು. ಇಂಥ ಮನುಷ್ಯನ ಮೇಲೆ ಸಿಟ್ಟು ಮಾಡುವುದು ಹೇಗೆ ಹೇಳಿ?

ಆದರೂ ಸೀಟು ಸಿಕ್ಕಿತು. ಸಂದರ್ಶನದಲ್ಲಿ ನನ್ನ ಬಾಯಿ ನೋಡಿದವರು ಪತ್ರ ನಂಬಲಿಲ್ಲವೆಂದು ಕಾಣುತ್ತದೆ. ಉಳಿದದ್ದು ಶಾಲೆಯಿಂದ ಬಿಡುಗಡೆ. ಸರ್ ನಾಳೆ ನೋಡೋಣ ಎಂದರು. ಮರುದಿನವೂ ಅದೇ. ಸೇರುವ ಗಡುವು ಹತ್ತಿರವಾಯಿತು. ಕೊನೆಗೆ ನಾನೇ ತಾಲೂಕಿನ ಕಚೇರಿಗೆ ಹೋದೆ. ಅಲ್ಲಿ ಸರ್ ನನಗಿಂತ ಮುಂಚೆ ಬಂದು ಸಾಹೇಬರ ಮುಂದೆ ಕೈಮುಗಿದು ನಿಂತಿದ್ದರು. ನನ್ನನ್ನು ನೋಡಿದರೂ ಮಾತು ನಿಲ್ಲಿಸಲಿಲ್ಲ.

"ಈಕಿನ್ನ ಬಿಡಬ್ಯಾಡ್ರಿ ಸಾಹೇಬ್ರ. ನನ್ನ ಮಾತು ಊರಾಗ ಯಾರೂ ಕೇಳಂಗಿಲ್ಲ, ಈಕಿದು ಕೇಳ್ತಾರ. ನಾ ಹತ್ತು ಸಲ ಬ್ಯಾಡ ಅಂದೀನಿ, ಈಕಿ ಮಾಡಿ ತೋರ್ಸ್ಯಾಳ. ಈಕಿ ಹೋದರ ನೀರು ಬಿಟ್ಟ ದಿನ ಶಾಲಿ ನಡಿಯಂಗಿಲ್ರಿ."

ಆ ಮಾತಿಗಾಗಿಯೇ ನಾನು ಅವರ ಕಾಲು ಹಿಡಿಯುವುದೊಂದು ಬಾಕಿ ಇಟ್ಟಿದ್ದೆ. ಪತ್ರದಲ್ಲಿ ಬರೆಯಬೇಕಾದ್ದೆಲ್ಲ ಇಲ್ಲಿ, ನನ್ನನ್ನು ತಡೆಯಲು ಬಂತು! ಕೇಳಿ ಹಿಗ್ಗಬೇಕೋ ಅಳಬೇಕೋ ತಿಳಿಯದೆ ಬಾಗಿಲ ಬಳಿ ನಿಂತೆ. ಸಾಹೇಬರು ಅವರ ಮಾತು ಕೇಳಿದರು. ಗಡುವು ದಾಟಿತು, ಸೀಟು ಹೋಯಿತು. ಮರುದಿನ ಸರ್ ಮನೆಯಿಂದ ಜೋಳದ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಸಿಕೊಂಡು ಬಂದು ನನ್ನ ಮೇಜಿನ ಮೇಲಿಟ್ಟರು. ಸಿಟ್ಟಿನಲ್ಲೇ ತಿಂದೆ. ರುಚಿಯಾಗಿತ್ತು, ಅದಕ್ಕೂ ಸಿಟ್ಟು ಬಂತು.

ಆಮೇಲೆ ಬಡ್ತಿ ಬಂತು, ವನದುರ್ಗದ ಕಡೆಯ ಈ ಶಾಲೆಗೆ ಬಂದೆ. ಓದದ ಎಂ.ಎ.ಯ ಮೇಲೆ ಇವತ್ತಿಗೂ ಆಸೆ ಇದೆ, ಸುಳ್ಳೇಕೆ ಹೇಳಲಿ. ಇಲ್ಲಿಯೂ ನೀರು ಬಿಟ್ಟ ದಿನ ನಸುಕಿನ ಶಾಲೆ. ನಡೆಸುವವಳು ಸುಜಾತಾ. ಮನೆ ಮನೆಗೆ ಹೋಗಿ ಮಕ್ಕಳನ್ನು ಎಬ್ಬಿಸಿ ತರುವವಳೂ ಅವಳೇ. ನನಗೆ ಮೊಣಕಾಲು ನೋವು. ಉಳಿದವರು ಬಸ್ಸಿನಲ್ಲಿ ಬರುವವರು. ಶರಣಪ್ಪ ಸರ್ ಅಂದು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ ಎಂಬುದು ಈಗ ಅವರ ಕುರ್ಚಿಯಂಥ ಕುರ್ಚಿಯಲ್ಲಿ ಕೂತಾಗ ಗೊತ್ತಾಗುತ್ತಿದೆ. ಅದೇ ನನ್ನನ್ನು ಎಲ್ಲಕ್ಕಿಂತ ಹೆಚ್ಚು ರೇಗಿಸುವ ಸಂಗತಿ.

ಇವತ್ತು ಬೆಳಿಗ್ಗೆ ಅವಳನ್ನು ಕರೆದು ಸಹಿ ಹಾಕಿ ಕೊಟ್ಟೆ. ಹುಡುಗಿ ಕಾಗದ ಹಿಡಿದುಕೊಂಡು ನಿಂತೇ ಇದ್ದಳು.

"ನಾ ಹೋದರ ನೀರು ಬಿಟ್ಟ ದಿನ ಶಾಲಿ ಹೆಂಗ ನಡೀತದ್ರಿ ಮೇಡಂ?" ಎಂದು ಕೇಳಿದಳು.

"ನಡಿಯಂಗಿಲ್ಲ," ಎಂದೆ. "ನೀ ಹೋಗು."