ಇನ್ನೊಬ್ಬರ ಮತ

ಕೊರೊನಾದ ಎರಡನೆಯ ವಸಂತದಲ್ಲಿ ನೆದರ್ಲೆಂಡ್ಸಿನ ಸಂಸತ್ತಿಗೆ ಚುನಾವಣೆ ಬಂತು. ಇಲ್ಲಿಯ ಪೌರತ್ವ ಪಡೆದ ಮೇಲೆ ಅದೇ ನನ್ನ ಮೊದಲ ಮತ. ಕಾಪೆಲ್ಲೆಯಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಎಂಬತ್ತು ದಾಟಿದ ಒಬ್ಬರು ಒಂಟಿಯಾಗಿದ್ದರು. ಬದುಕೆಲ್ಲ ನದಿಯಲ್ಲಿ ಸರಕಿನ ದೋಣಿ ನಡೆಸಿದವರು, ಚರ್ಚಿನ ಹಿರಿಯರು. ಗದಗಿನಿಂದ ಬಂದ ನಮ್ಮನ್ನು ಮೊದಲ ಭಾನುವಾರವೇ ಆರಾಧನೆಗೆ ಕರೆದೊಯ್ದವರು ಅವರು. ನಾವು ಅವರನ್ನು ಅಜ್ಜ ಎನ್ನುತ್ತಿದ್ದೆವು.

ಅಜ್ಜನಿಗೆ ಉಸಿರಾಟದ ಕಾಯಿಲೆ. ಒಂದು ವರ್ಷದಿಂದ ಹೊಸ್ತಿಲು ದಾಟಿರಲಿಲ್ಲ. ಅಂಚೆಯಲ್ಲಿ ಮತ ಕಳಿಸಬಹುದಿತ್ತು, ಅವರಿಗೆ ಅದರ ಮೇಲೆ ನಂಬಿಕೆಯಿರಲಿಲ್ಲ. ಮನೆಗೆ ಬರುವ ಮತದಾನದ ಕರೆಪತ್ರಕ್ಕೆ ಸಹಿ ಹಾಕಿ ಬೇರೊಬ್ಬರ ಕೈಯಿಂದ ಮತ ಹಾಕಿಸಲು ಇಲ್ಲಿ ಕಾನೂನು ಒಪ್ಪುತ್ತದೆ. ಹಿಂದಿನ ಸಂಜೆ ಅಜ್ಜ ಕಿಟಕಿ ತೆರೆದು ಆ ಪತ್ರವನ್ನು ನನಗೆ ಕೊಟ್ಟರು.

"ನಮ್ಮಪ್ಪ ಹಾಕಿದ ಪಕ್ಷಕ್ಕೇ ಹಾಕು," ಎಂದರು.

ಅದು ಕ್ರೈಸ್ತರ ಪಕ್ಷ. ಗದಗಿನಲ್ಲಿ ಬೆರಳೆಣಿಕೆಯ ಮನೆಗಳ ಕ್ರೈಸ್ತ ಸಭೆಯಲ್ಲಿ ಬೆಳೆದ ನನಗೆ, ನಮ್ಮ ನಂಬಿಕೆಯ ಹೆಸರಿನಲ್ಲೇ ಒಂದು ಪಕ್ಷವಿರುವುದು ಮೊದಮೊದಲು ಬೆರಗು. ನಾನೂ ಅದಕ್ಕೇ ಹಾಕುವೆನೆಂದುಕೊಂಡಿದ್ದೆ. ಆಮೇಲೆ ಆ ಪಕ್ಷದ ಪ್ರಣಾಳಿಕೆ ಓದಿದೆ. ಆಶ್ರಯ ಬೇಡಿ ಬಂದವರು ಮನೆಯವರನ್ನು ಕರೆಸಿಕೊಳ್ಳುವುದನ್ನು ಇನ್ನಷ್ಟು ಬಿಗಿ ಮಾಡುತ್ತೇವೆ ಎಂದಿತ್ತು. ನಮ್ಮ ಚರ್ಚಿನಲ್ಲೇ ಎರಿಟ್ರಿಯಾದ ಒಬ್ಬ ತಾಯಿ ತನ್ನಿಬ್ಬರು ಮಕ್ಕಳಿಗಾಗಿ ಮೂರು ವರ್ಷದಿಂದ ಕಾಯುತ್ತಿದ್ದಳು.

"ಅಜ್ಜ, ಆಕೆಯ ಮಕ್ಕಳ ಗತಿ ಏನು? ನೀವೇ ಆಕೆಗಾಗಿ ಪ್ರಾರ್ಥನೆ ಮಾಡಿದ್ರಲ್ಲ?"

ಅವರ ಮುಖ ಬಿಗಿಯಾಯಿತು. "ಗರ್ಭಪಾತ ಬೇಡ, ದಯಾಮರಣ ಬೇಡ ಅಂತ ಹುಟ್ಟದ ಕೂಸಿನ ಪರ, ಸಾಯುವವರ ಪರ ಮಾತಾಡೋರು ಇವರು. ನಾನು ನಿನ್ನ ಕೈ ಕೇಳಿದ್ದೇನೆ, ಬುದ್ಧಿ ಕೇಳಿಲ್ಲ." ಕಿಟಕಿ ಮುಚ್ಚಿತು.

ಮನೆಯಲ್ಲಿ ನಾನು ಕುದಿಯುತ್ತಿದ್ದೆ. ಹೆಂಡತಿ ಶಾಂತವಾಗಿ ಹೇಳಿದಳು: "ಚೀಟಿ ನಿಮ್ಮ ಕೈಯಾಗ ಐತಿ ಅಂದ್ರ ಅವರ ಮನಸ್ಸೂ ನಿಮ್ದು ಆಗೂದಿಲ್ರೀ. ಅಜ್ಜಾರು ಹೇಳಿದ್ಹಂಗ ಹಾಕಿ ಬರ್ರಿ."

ಬೆಳಿಗ್ಗೆ ಮತಗಟ್ಟೆಗೆ ಹೋದೆ. ಮರೆಯ ಹಿಂದೆ ಎರಡು ಮತಪತ್ರ ಹರಡಿದೆ; ಒಂದೊಂದೂ ಮೇಜಿನಷ್ಟು ಅಗಲ. ಅಜ್ಜನ ಮತವನ್ನು ಬದಲಿಸಿದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಒಬ್ಬ ತಾಯಿಗಾಗಿ ಮಾಡಿದ್ದು ಪಾಪವೇ ಎಂದೂ ಮನಸ್ಸು ವಾದಿಸಿತು. ಕೊನೆಗೆ ಅವರು ಹೇಳಿದ ಪಕ್ಷದ ಮೊದಲ ಹೆಸರಿನ ಮುಂದಿನ ವೃತ್ತಕ್ಕೆ ಅಲ್ಲಿಟ್ಟಿದ್ದ ಪೆನ್ಸಿಲಿನಿಂದ ಕೆಂಪು ಬಳಿದೆ. ನನ್ನ ಮತವನ್ನು, ಕ್ರಿಸ್ತನ ಹೆಸರೆತ್ತದ, ಆದರೆ ಆ ಮಕ್ಕಳಿಗೆ ಬಾಗಿಲು ತೆರೆಯುತ್ತೇವೆಂದ ಇನ್ನೊಂದು ಪಕ್ಷಕ್ಕೆ ಹಾಕಿದೆ.

ಮನೆಗೆ ಬಂದು ನೋಡಿದರೆ, ಬಿಟ್ಟುಹೋಗಿದ್ದ ಫೋನಿನಲ್ಲಿ ಅಜ್ಜನ ಮೂರು ಕರೆಗಳಿದ್ದವು. ಓಡಿಹೋದೆ. ಅವರು ಕಿಟಕಿಯ ಬಳಿಯೇ ನಿಂತಿದ್ದರು.

"ಹಾಕಿಬಿಟ್ಟೆಯಾ?"

"ನೀವು ಹೇಳಿದ ಹಾಗೇ ಹಾಕಿದೆ."

ಅವರು ಕುರ್ಚಿಯಲ್ಲಿ ಕುಸಿದು ಕೂತರು. "ಯಾರಿಗೂ ಬೇಡ, ಚೀಟಿ ಖಾಲಿ ಹಾಕು ಅನ್ನೋಣ ಅಂತ ಫೋನ್ ಮಾಡಿದೆ. ಬೇರೆಯವರಿಗೆ ಹಾಕೋಕೆ ನನ್ನಿಂದ ಆಗಲ್ಲ. ಆದರೆ ಇವರಿಗೂ ಈ ಸಲ ಬೇಡ ಅನ್ನಿಸ್ತು."

ಕ್ಷಮಿಸಿ ಎಂದೆ. "ನೀನು ಮಾತು ಉಳಿಸಿಕೊಂಡೆ," ಎಂದರು, ಗಾಜಿನ ಮೇಲೆ ಅಂಗೈ ಇಟ್ಟು. ಸಮಾಧಾನಕ್ಕೆ ಹೇಳಿದ್ದೆಂದು ಇಬ್ಬರಿಗೂ ಗೊತ್ತಿತ್ತು.

ಮರುವರ್ಷ ಸ್ಥಳೀಯ ಚುನಾವಣೆಗೆ ಅಜ್ಜ ಗಾಲಿಗಳ ವಾಕರ್ ಹಿಡಿದು ತಾವೇ ನಡೆದುಹೋದರು. ಯಾರಿಗೆಂದು ನಾನು ಕೇಳಲಿಲ್ಲ. ಆ ಬೇಸಿಗೆಯಲ್ಲಿ ಎರಿಟ್ರಿಯಾದ ತಾಯಿಯ ಮಕ್ಕಳೂ ಬಂದರು. ಅದಕ್ಕೂ ನಮ್ಮ ಮತಗಳಿಗೂ ಸಂಬಂಧವಿರಲಿಲ್ಲ. ಮೊದಲ ಭಾನುವಾರ ಚರ್ಚಿನಲ್ಲಿ ಮಕ್ಕಳು ಎಲ್ಲಿ ಕೂರಬೇಕೆಂದು ತಿಳಿಯದೆ ನಿಂತಾಗ, ಅಜ್ಜ ತಮ್ಮ ಬೆಂಚಿನಲ್ಲಿ ಗೋಡೆಯ ಕಡೆಗೆ ಸರಿದು ಜಾಗ ಮಾಡಿಕೊಟ್ಟರು.