ಮುಚ್ಚಂಡಿಯಲ್ಲಿ ನಾನು ಇಡಿಸಿದ ಎಡೆ

ಪಂಪ್‌ಸೆಟ್ ಮೋಟಾರಿನ ಕಾಯಿಲ್ ಕಟ್ಟುವವನಿಗೆ ಯುದ್ಧವಿಮಾನದ ಉಸಾಬರಿ ಯಾಕೆ ಬೇಕಿತ್ತು? ನಮ್ಮೂರು ಯಳವಿಯಲ್ಲಿ ನನ್ನನ್ನು ಹೀಗೆ ಕೇಳದವರಿಲ್ಲ. ಆದರೆ ಹಡ್ಸನ್ ಎಂಬ ಎರಡು ಎಂಜಿನ್ನಿನ ಬಾಂಬರು ನನ್ನ ತಲೆ ಹೊಕ್ಕು ಕೂತಿತ್ತು. ಎರಡನೇ ಮಹಾಯುದ್ಧದಲ್ಲಿ ಸಮುದ್ರದ ಮೇಲೆ ಗಸ್ತು ತಿರುಗುತ್ತ ಶತ್ರುಗಳ ಜಲಾಂತರ್ಗಾಮಿಗಳನ್ನು ಹುಡುಕುತ್ತಿದ್ದ ವಿಮಾನ ಅದು. ಹೆಸರಾದ ವಿಮಾನಗಳ ಬಗ್ಗೆ ರಾಶಿ ರಾಶಿ ಬರೆದಿದ್ದಾರೆ. ಇದನ್ನೂ ಇದರಲ್ಲಿ ಹಾರಿ ಸತ್ತವರನ್ನೂ ಕೇಳುವವರಿಲ್ಲ. ಅದೇ ನನಗೆ ಸಿಟ್ಟು. ಅಂಗಡಿ ಮುಚ್ಚಿ ಬಂದು ಮೊಬೈಲಿನಲ್ಲಿ ಹುಡುಕುತ್ತಿದ್ದೆ, ಕಂಡ ಕಂಡವರಿಗೆ ಹರಕು ಇಂಗ್ಲಿಷಿನಲ್ಲಿ ಬರೆಯುತ್ತಿದ್ದೆ.

“ಊರಾಗ ಕುಡಿಯಾಕ ನೀರಿಲ್ಲ, ಇವರು ನೋಡ್ರಿ ಸಮುದ್ರದ ಮ್ಯಾಲೆ ಹಾರಾಕತ್ತಾರ,” ಎಂದು ಹೆಂಡತಿ ನೆರೆಯವರ ಮುಂದೆ ನಗುತ್ತಿದ್ದಳು.

ಹೋದ ವರ್ಷ ಹಳೆಯ ವಿಮಾನಗಳ ಹುಚ್ಚಿನ ಇಂಗ್ಲೆಂಡಿನ ಒಬ್ಬ ಹವ್ಯಾಸಿ ನನಗೊಂದು ಫೋಟೋ ಕಳಿಸಿದ. ಹಡ್ಸನ್ನಿನ ರೆಕ್ಕೆಯ ಕೆಳಗೆ ನಾಲ್ವರು ನಿಂತಿದ್ದಾರೆ. ಮೂವರು ಬಿಳಿಯರು, ತುದಿಗೆ ನಿಂತವನು ನಮ್ಮವನು, ವೈರ್‌ಲೆಸ್ ನೋಡಿಕೊಳ್ಳುವವನು. ಕೆಳಗೆ ಶಾಯಿ ಹರಡಿ ಅವನ ಅಡ್ಡಹೆಸರು ಮಾತ್ರ ಉಳಿದಿತ್ತು: ಮುಚ್ಚಂಡಿ. ಗಸ್ತಿಗೆ ಹೋದ ವಿಮಾನ ತಿರುಗಿ ಬರಲಿಲ್ಲ, ನಾಲ್ವರೂ ಸಮುದ್ರದ ಪಾಲಾದರು ಎಂದು ಆತ ಬರೆದಿದ್ದ. ಮುಚ್ಚಂಡಿ ಅಂದರೆ ನಮ್ಮ ತಾಲೂಕಿನದೇ ಊರು! ಎದ್ದು ಕುಣಿದುಬಿಟ್ಟೆ. ಮರುದಿನವೇ ಬಸ್ಸು ಹತ್ತಿದೆ.

ಆ ಯುದ್ಧಕ್ಕೆ ಹೋದವರು ಯಾರೆಂದು ಅಲ್ಲಿ ವಿಚಾರಿಸಿದಾಗ ಒಂದು ಮನೆ ತೋರಿಸಿದರು. ಆ ಮನೆಯ ಆಯಿಗೆ ಎಂಬತ್ತು ದಾಟಿತ್ತು. ಅವಳು ಹೊಟ್ಟೆಯಲ್ಲಿದ್ದಾಗ ಅವಳಪ್ಪ ವಿಮಾನದ ಪಲ್ಟಣಿ ಸೇರಲು ಹೋದವನು ಮತ್ತೆ ಬಂದಿಲ್ಲ, ಸತ್ತನೆಂಬ ಸುದ್ದಿಯೂ ಬಂದಿಲ್ಲ. ಸುದ್ದಿ ಬರದವನಿಗೆ ಎಡೆ ಇಡಬಾರದು ಎಂಬುದು ಆ ಮನೆಯ ನಡಾವಳಿ. ಮಹಾನವಮಿ ಅಮಾವಾಸ್ಯೆಗೆ ಸತ್ತ ಹಿರಿಯರಿಗೆಲ್ಲ ದೇವರ ಜಗಲಿಯ ಮುಂದೆ ಎಡೆ ಇಟ್ಟರೆ, ಅವಳಪ್ಪನ ತಾಟು ಮಾತ್ರ ಉಣ್ಣುವವರ ಪಂಕ್ತಿಯಲ್ಲಿ, ಜೀವಂತ ಇರುವವರ ನಡುವೆ. ಅವಳ ಅವ್ವ ಕೊನೆಯವರೆಗೂ ಕುಂಕುಮ ಅಳಿಸಿರಲಿಲ್ಲ. ಹಸಿರು ಬಳೆ ತೊಡಿಸಿಯೇ ಮಣ್ಣು ಮಾಡಿದ್ದರು.

ಇಷ್ಟು ಕೇಳಿದ ಮೇಲೂ ನನ್ನ ಬಾಯಿ ಸುಮ್ಮನಿರಲಿಲ್ಲವಲ್ಲ!

ಆ ಮನೆತನದ ಅಡ್ಡಹೆಸರು ಬೇರೆಯೇ ಇತ್ತು. “ಪಲ್ಟಣ್ಯಾಗ ಊರ ಹೆಸರ ಬರಸ್ಕೋತಾರ್ರಿ, ಆಯಿ,” ಎಂದು ನಾನೇ ತೇಪೆ ಹಚ್ಚಿದೆ.

ಆಯಿ ಫೋಟೋ ಕಣ್ಣಿನ ಹತ್ತಿರ ಹಿಡಿದಳು. “ನಾ ನಮ್ಮಪ್ಪನ ಮಾರಿ ನೋಡಿಲ್ಲ, ತಮ್ಮಾ. ನೀ ಓದಿದಾಂವ. ನೀನ ಹೇಳು, ಇವನ ಹೌದೇನು?”

“ನೂರಕ್ಕ ನೂರು ಇವರ,” ಎಂದೆ.

ಅವಳು ಅಳಲಿಲ್ಲ. ಫೋಟೋದವನ ಮುಖವನ್ನು ಹೆಬ್ಬೆರಳಿನಿಂದ ಸವರಿದಳು. ಅಮಾವಾಸ್ಯೆಗೆ ನನ್ನನ್ನೂ ಊಟಕ್ಕೆ ಕರೆದಳು. ಅಂದು ತಾನೇ ಪಂಕ್ತಿಯಿಂದ ಅಪ್ಪನ ತಾಟು ಎತ್ತಿ ಜಗಲಿಯ ಮುಂದಿಟ್ಟಳು, ಹೊಸ ಧೋತರ ಇಟ್ಟಳು. ಆಗ ಅತ್ತಳು. ನಾನು ಹೋಳಿಗೆ ಬಾರಿಸಿ, ಎಂಥ ಪುಣ್ಯದ ಕೆಲಸ ಮಾಡಿದೆ ಎಂದು ನನ್ನ ಬೆನ್ನು ನಾನೇ ಚಪ್ಪರಿಸಿಕೊಂಡು ಬಂದೆ. ಫೋಟೋ, ಕತೆ ಎಲ್ಲವನ್ನೂ ವಾಟ್ಸಾಪಿಗೆ ಹಾಕಿದೆ.

ದೀಪಾವಳಿಯ ಹೊತ್ತಿಗೆ ಅಥಣಿಯಿಂದ ಒಬ್ಬ ಹೆಣ್ಣುಮಗಳ ಫೋನು ಬಂತು. “ಅದು ನಮ್ಮ ಮುತ್ತ್ಯಾನ ಫೋಟೋ ರೀ. ನಮ್ಮ ಮನ್ಯಾಗೂ ಐತಿ. ಆವಾಗ ಸತ್ತಾರಂತ ತಾರ್ ಬಂದಿತ್ತಂತ್ರಿ.” ಅವರ ಹಿರಿಯರು ಯಾವ ಕಾಲಕ್ಕೋ ಮುಚ್ಚಂಡಿ ಬಿಟ್ಟು ಅಥಣಿ ಸೇರಿದವರು. ಅದಕ್ಕೇ ಆ ಅಡ್ಡಹೆಸರು.

ಊರ ಹೆಸರು ಅಂಟಿಕೊಳ್ಳುವುದು ಊರು ಬಿಟ್ಟವರಿಗೆ. ಮುಚ್ಚಂಡಿಯಲ್ಲೇ ಇರುವವನನ್ನು ಮುಚ್ಚಂಡಿ ಎಂದು ಯಾರು ಕರೆದಾರು? ನಮ್ಮ ಕಡೆ ಇದು ಕೂಸಿಗೂ ಗೊತ್ತು. ನನ್ನದೇ ಅಡ್ಡಹೆಸರು ನಾನು ಕಾಲಿಡದ ಊರಿನದು! ಹಡ್ಸನ್ನಿನ ಎಂಜಿನ್ನಿಗೆ ಎಷ್ಟು ಸಿಲಿಂಡರ್ ಎಂದು ನಿದ್ದೆಯಲ್ಲಿ ಕೇಳಿದರೂ ಹೇಳುವ ಈ ಮೂರ್ಖನಿಗೆ ಇದು ಹೊಳೆಯಲಿಲ್ಲ. ಮುತ್ತೈದೆಯಾಗಿ ಮಣ್ಣಿಗೆ ಹೋದ ಹೆಂಗಸನ್ನು ನನ್ನ ಒಂದು ಮಾತು ವಿಧವೆ ಮಾಡಿತ್ತು. ನಾಚಿಕೆಯಿಂದ ಮೈಯೆಲ್ಲ ಮುದುಡಿತು. ಹೇಳದೇ ಇದ್ದುಬಿಟ್ಟರಾಯಿತು ಎಂದೂ ಒಂದು ಗಳಿಗೆ ಅನ್ನಿಸಿತು; ಅದನ್ನು ನೆನೆದರೆ ಇನ್ನಷ್ಟು ನಾಚಿಕೆ.

“ಮಾತು ಆಡಿದ್ರ ಹೋತು, ಮುತ್ತು ಒಡದ್ರ ಹೋತು. ಲಗೂನ ಹೋಗಿ ಕಾಲು ಹಿಡೀರಿ,” ಎಂದಳು ಹೆಂಡತಿ. ಈ ಸಲ ಅವಳು ನಗಲಿಲ್ಲ.

ಹೋದೆ. ಆಯಿಯ ಎದುರು ತಲೆ ತಗ್ಗಿಸಿ ಎಲ್ಲ ಹೇಳಿದೆ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅವಳು ಜಗಲಿಯ ಕಡೆಗೆ ನೋಡಿದಳು.

“ಹಂಗಾರ ನಮ್ಮಪ್ಪ ಸತ್ತಾನಂತ ಸುದ್ದಿ ಬಂದಿಲ್ಲ.”

“ಇಲ್ರಿ, ಆಯಿ.”

“ಇಟ್ಟ ಎಡಿ ಹಿಂದಕ್ಕ ತಗೊಳ್ಳಾಕ ಬರ್ತೈತೇನು, ತಮ್ಮಾ?”

ಆಯಿ ಜಗಲಿಯಿಂದ ನನ್ನ ಕಡೆಗೆ ತಿರುಗಿದಳು.

“ಇಷ್ಟ ವರ್ಷ ಅಂವ ನಮ್ಮ ಜೋಡಿ ಉಣತಿದ್ದ. ಈಗ ಎಲ್ಲಿ ಕುಂದರಸ್ಲಿ? ಮುಂದಿನ ವರ್ಷ ಮಹಾನವಮಿ ಅಮಾಸಿಗೆ ನೀ ಬಾ. ನೀನ ಎತ್ತಿಸಿದಿ, ನೀನ ತಾಟು ಹಿಡ್ಕೊಂಡು ನಿಂದ್ರು. ಎಲ್ಲಿ ಇಡೂದು, ನೀನ ಹೇಳು.”

ಆ ಅಮಾವಾಸ್ಯೆ ಈಗ ಹತ್ತಿರ ಬಂದಿದೆ. ನಿನ್ನೆ ಆಯಿ ಫೋನು ಮಾಡಿಸಿದ್ದಳು. “ಬರ್ತೀಯಲ್ಲ, ತಮ್ಮಾ?” ಬರುತ್ತೇನೆ ಎಂದೆ. ತಾಟು ಎಲ್ಲಿಡಬೇಕು ಎಂಬುದು ನನಗಿನ್ನೂ ಗೊತ್ತಿಲ್ಲ.